ಗಾರ್ಚಾಂಪ್ ಇರುವಾಗ ಫ್ಲೈಗಾನ್ ಯಾಕೆ ಅಂತ ಕೇಳುವವರಿಗೆ

ನಿಮ್ಮ ಪ್ರಶ್ನೆ ಎರಡು ಸಲ ಓದಿದೆ. ಕಾರವಾರದ ಹಾಸ್ಟೆಲಿನಲ್ಲಿ ಐದು ಜನ ಸೇರಿ ಶೋಡೌನ್ ಅನ್ನುವ ಆನ್‌ಲೈನ್ ತಾಣದಲ್ಲಿ ಪೋಕೆಮಾನ್ ಲೀಗ್ ಮಾಡಿಕೊಂಡಿದ್ದೀರಿ. ಸ್ವೋರ್ಡ್-ಶೀಲ್ಡ್ ಆಟಗಳ ಕಾಲದ ನಿಯಮ, ಸಿಂಗಲ್ಸ್ ಆಟ, ಅಂದರೆ ಒಂದು ಸಲಕ್ಕೆ ಒಂದರ ಎದುರು ಒಂದು. ತಲಾ ಎಂಟು ಪೋಕೆಮಾನ್, ಆಟಕ್ಕೆ ಇಳಿಸುವುದು ಆರು. ನಿಮ್ಮ ಎಂಟನೇ ಜಾಗ ಖಾಲಿ ಇದೆ, ಅಲ್ಲಿಗೆ ಫ್ಲೈಗಾನ್ ತರುವ ಆಸೆ. ಗೆಳೆಯರು ಮಾತ್ರ "ಅದು ಬಡವರ ಗಾರ್ಚಾಂಪ್, ಸುಮ್ನೆ ಜಾಗ ದಂಡ" ಅಂತಾರೆ. ಒಂದು ಪೋಕೆಮಾನ್ ಸ್ಪರ್ಧೆಗೆ ಲಾಯಕ್ಕೋ ಇಲ್ಲವೋ ಅಂತ ಅಳೆಯುವುದು ಹೇಗೆ ಅಂತ ಕೇಳಿದ್ದೀರಿ.

ನಾನು ಕುಮಟಾದವನು. ಆಡಲು ಶುರುಮಾಡಿ ತುಂಬ ವರ್ಷ ಆಯಿತು, ಗೆದ್ದಿದ್ದಕ್ಕಿಂತ ಸೋತಿದ್ದೇ ಜಾಸ್ತಿ. ಫ್ಲೈಗಾನ್ ನನಗೂ ಇಷ್ಟ. ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರಲ್ಲ, ಹಾಗಾಗಿ ನನ್ನ ಮಾತನ್ನು ಸ್ವಲ್ಪ ಸೋಸಿಕೊಂಡು ಓದಿ.

ಮೊದಲು ಗೆಳೆಯರ ಪರವಾಗಿ ಮಾತಾಡುತ್ತೇನೆ. ಎರಡೂ ಗ್ರೌಂಡ್ ಮತ್ತು ಡ್ರ್ಯಾಗನ್ ಟೈಪ್. ಫ್ಲೈಗಾನ್‌ನ ಮೂಲ ಅಂಕಗಳ ಮೊತ್ತ 520, ಗಾರ್ಚಾಂಪ್‌ದು 600. ಅಟ್ಯಾಕ್ 100 ಎದುರು 130. ಸ್ಪೀಡ್ 100 ಎದುರು 102. ಈ ಎರಡೇ ಎರಡು ಅಂಕದ ವ್ಯತ್ಯಾಸ ಕಂಡು ನಗಬೇಡಿ. 100 ಅನ್ನುವುದು ಬಸ್‌ಸ್ಟ್ಯಾಂಡಿನ ಹಾಗೆ, ಝಾಪ್ಡೋಸ್, ಸಾಲಮೆನ್ಸ್, ಮ್ಯೂ, ವೋಲ್ಕರೋನಾ ಎಲ್ಲ ಅಲ್ಲೇ ನಿಂತಿವೆ. 100ನೇ ಲೆವೆಲ್‌ನಲ್ಲಿ ಪೂರ್ತಿ ಸ್ಪೀಡಿಗೆ ಸುರಿದರೆ ಫ್ಲೈಗಾನ್ 328 ಮುಟ್ಟುತ್ತದೆ, ಗಾರ್ಚಾಂಪ್ 333. ಫ್ಲೈಗಾನ್ ಆ ಗುಂಪಿನವರ ಜೊತೆ ನಾಣ್ಯ ಚಿಮ್ಮಬೇಕು. ಗಾರ್ಚಾಂಪ್ ಅವರೆಲ್ಲರಿಗಿಂತ ಮೊದಲು ಹೊಡೆಯುತ್ತದೆ.

ಇನ್ನೊಂದು ಲೆಕ್ಕ ನನಗೆ ಬಹಳ ಬೇಜಾರು ತರಿಸಿದ್ದು. ಎರಡಕ್ಕೂ ಐಸ್ ನಾಲ್ಕು ಪಟ್ಟು ತಾಗುತ್ತದೆ ಅಂತ ಎಲ್ಲರಿಗೂ ಗೊತ್ತು. ಆದರೆ ನಾಲ್ಕು ಪಟ್ಟು ಅಂದರೆ ಎರಡರದ್ದೂ ಒಂದೇ ಗತಿ ಅಲ್ಲ. ಐಸ್ ಟೈಪಿನ ವೀವೈಲ್‌ನ ಐಸ್ ಶಾರ್ಡ್ ತಗೊಳ್ಳಿ. ಅದರ ಶಕ್ತಿ ಬರೀ 40, ಆದರೆ ಸ್ಪೀಡ್ ಎಷ್ಟೇ ಇರಲಿ ಮೊದಲು ಬೀಳುವ ಮೂವ್. ವೀವೈಲ್ ಅಟ್ಯಾಕ್ ಪೂರ್ತಿ ಏರಿಸಿ, ಸ್ಪೀಡ್ ಏರಿಸುವ ಜಾಲಿ ನೇಚರ್ ಇಟ್ಟು, ಯಾವ ಐಟಮ್ ನೆರವೂ ಇಲ್ಲದೆ ಹೊಡೆದರೆ ಫ್ಲೈಗಾನ್‌ಗೆ ಕಡಿಮೆ ಅಂದರೂ 304 ಬೀಳುತ್ತದೆ. ಎಚ್‌ಪಿಗೆ ಏನೂ ಹಾಕದ ಫ್ಲೈಗಾನ್‌ನ ಜೀವ 301. ಅಂದರೆ ತುಂಬಿದ ಜೀವದಲ್ಲೂ ಸತ್ತಿತು ಅಂತಲೇ ಲೆಕ್ಕ. ಅದೇ ಏಟು ಗಾರ್ಚಾಂಪ್‌ಗೆ ಜಾಸ್ತಿ ಅಂದರೆ 312, ಅದರ ಜೀವ 357. ಬದುಕಿಕೊಂಡು ತಿರುಗಿ ಹೊಡೆಯುತ್ತದೆ. ಟೈಪ್ ಚಾರ್ಟ್ ನೋಡಿದರೆ ಎರಡೂ ಒಂದೇ, ಡ್ಯಾಮೇಜ್ ಕ್ಯಾಲ್ಕುಲೇಟರ್‌ನಲ್ಲಿ ನೋಡಿದರೆ ಒಂದು ಸತ್ತಿದೆ, ಒಂದು ನಿಂತಿದೆ. ಯಾವ ಪೋಕೆಮಾನನ್ನಾದರೂ ಅಳೆಯುವಾಗ ಚಾರ್ಟಿಗೇ ನಿಲ್ಲಬೇಡಿ ಅಂತ ಹೇಳುವುದು ಇದಕ್ಕೇ.

ಇಷ್ಟಾದ ಮೇಲೂ ನಿಮ್ಮ ಗೆಳೆಯರು ಹೇಳುವುದು ಅರ್ಧ ಮಾತ್ರ ಸರಿ. ಉಳಿದರ್ಧ ನಿಮ್ಮ ಪ್ರಶ್ನೆಯ ಕೊನೇ ಸಾಲಿನಲ್ಲೇ ಇತ್ತು, ನೀವು ಅದನ್ನು ಗಮನಿಸಿದ ಹಾಗೆ ಕಾಣಲಿಲ್ಲ. "ಒಬ್ಬರು ತಗೊಂಡ ಪೋಕೆಮಾನ್ ಇನ್ನೊಬ್ಬರು ತಗೊಳ್ಳುವ ಹಾಗಿಲ್ಲ" ಅಂತ ಬರೆದಿದ್ದೀರಿ. ಗಾರ್ಚಾಂಪ್ ಈಗಾಗಲೇ ನಿಮ್ಮ ರೂಮ್‌ಮೇಟ್ ಹತ್ತಿರ ಇದೆ. ಮತ್ತೆ ಹೋಲಿಕೆ ಯಾಕೆ? ಸಿಗದೇ ಇರುವುದರ ಜೊತೆ ಹೋಲಿಸಿ ಕೈಗೆ ಸಿಗುವುದನ್ನು ಬಿಡುವುದು ಯಾವ ನ್ಯಾಯ?

ಮಳೆಗಾಲದಲ್ಲಿ ಕಾರವಾರದ ಮೀನು ಮಾರ್ಕೆಟ್ಟಿಗೆ ಹೋಗಿ ನೋಡಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ಬ್ಯಾನ್. ಒಣಮೀನಿನ ಬುಟ್ಟಿ ಮುಂದೆ ಜನ ನಿಲ್ಲುತ್ತಾರೆ. ಆಗಸ್ಟ್‌ನಲ್ಲಿ ಹಸಿ ಬಂಗಡೆ ಬಂತೋ, ಆ ಬುಟ್ಟಿ ಕಡೆ ತಿರುಗಿಯೂ ನೋಡುವುದಿಲ್ಲ. ಒಣಮೀನು ಅದೇ, ಪಕ್ಕದ ಬುಟ್ಟಿ ಬದಲಾಯಿತು ಅಷ್ಟೇ.

ಫ್ಲೈಗಾನ್‌ಗೂ ಹೀಗೇ ಆಗಿದೆ. 2002ರಲ್ಲಿ ರೂಬಿ-ಸಫೈರ್ ಆಟಗಳ ಜೊತೆ ಬಂದಾಗ ಅದಕ್ಕೆ ಒಳ್ಳೇ ಕಾಲ. 2006ರಲ್ಲಿ ಡೈಮಂಡ್-ಪರ್ಲ್ ಬಂತು, ಗಾರ್ಚಾಂಪ್ ಬಂತು. ಆದರೆ ಪೋಕೆಮಾನ್‌ಗಳನ್ನು ಶ್ರೇಣಿಗಳಾಗಿ ವಿಂಗಡಿಸುವ ಸ್ಮೋಗಾನ್ ಅನ್ನುವ ಆಟಗಾರರ ತಾಣದವರು ಆ ತಲೆಮಾರಿನ ಮುಖ್ಯ ಪಟ್ಟಿಯಿಂದ ಗಾರ್ಚಾಂಪನ್ನು ಹೊರಗೆ ಹಾಕಿದರು, ಜೋರು ಜಾಸ್ತಿ ಆಯಿತು ಅಂತ. ಫ್ಲೈಗಾನ್ ಅದೇ ಪಟ್ಟಿಯಲ್ಲಿ ಉಳಿಯಿತು. ಆಮೇಲೆ 2012ರಲ್ಲಿ ಬ್ಲ್ಯಾಕ್ 2-ವೈಟ್ 2ರಲ್ಲಿ ಲ್ಯಾಂಡೋರಸ್‌ನ ಥೇರಿಯನ್ ರೂಪ ಬಂತು. ನೆಲದ ಏಟು ತಾಗುವುದಿಲ್ಲ, ಹೊಡೆದು ಹಿಂದೆ ಬರುವ ಯೂ-ಟರ್ನ್ ಇದೆ, ಅಟ್ಯಾಕ್ 145, ಮೇಲಿಂದ ಎದುರಿನವರ ಅಟ್ಯಾಕ್ ಇಳಿಸುವ ಇಂಟಿಮಿಡೇಟ್. ಫ್ಲೈಗಾನ್ ಮಾಡುತ್ತಿದ್ದ ಕೆಲಸವನ್ನೇ ಎತ್ತಿಕೊಂಡು ಹೋಯಿತು. ನನ್ನ ಕೇಳಿದರೆ ಅದರ ಅಸಲಿ ಶತ್ರು ಗಾರ್ಚಾಂಪ್ ಅಲ್ಲ, ಇದು. ನಿಮ್ಮ ಪಟ್ಟಿಯಲ್ಲಿ ಅದೂ ಬೇರೆಯವನ ಪಾಲಾಗಿದೆ. ಒಳ್ಳೇದೇ ಆಯಿತು.

ಹಾಗಾಗಿ ಸ್ಮೋಗಾನ್ ಶ್ರೇಣಿ ನೋಡಿ ತೀರ್ಮಾನ ಮಾಡಬೇಡಿ. ಆ ಶ್ರೇಣಿ ಲೆಕ್ಕ ಹಾಕುವುದು ಸಾವಿರಾರು ಜನ ಏನು ಬಳಸುತ್ತಾರೆ ಅನ್ನುವುದರ ಮೇಲೆ. ನಿಮ್ಮ ಲೋಕದಲ್ಲಿ ಇರುವುದು ನಾಲ್ಕೇ ಎದುರಾಳಿಗಳು. ಅವರ ಹೆಸರು ಬರೆದುಕೊಂಡು, ಪ್ರತಿಯೊಬ್ಬರ ಎದುರು ಫ್ಲೈಗಾನ್ ಯಾವಾಗ ಒಳಗೆ ಬರಬಹುದು, ಬಂದ ಮೇಲೆ ಏನು ಮಾಡಬಹುದು ಅಂತ ನೋಡಿ. ನೀವು ಕೊಟ್ಟ ಪಟ್ಟಿ ಇಟ್ಟುಕೊಂಡು ನಾನೇ ನೋಡಿದೆ.

ಹೀಟ್ರಾನ್ ಮತ್ತು ರೋಟಮ್-ವಾಶ್ ಇಟ್ಟವನ ಎದುರು ಫ್ಲೈಗಾನ್ ಚಿನ್ನ. ಹೀಟ್ರಾನ್‌ನ ಬೆಂಕಿ ಫ್ಲೈಗಾನ್‌ಗೆ ಅರ್ಧ ಮಾತ್ರ ತಾಗುತ್ತದೆ, ತಿರುಗಿ ನೆಲದ ಏಟಾದ ಅರ್ತ್‌ಕ್ವೇಕ್ ಹಾಕಿದರೆ ನಾಲ್ಕು ಪಟ್ಟು, ಒಂದೇ ಏಟು. ಅವನು ನೆಲದ ಏಟು ತಪ್ಪಿಸುವ ಏರ್ ಬಲೂನ್ ಕಟ್ಟಿದ್ದಾನಾ ಅಂತ ಮಾತ್ರ ನೋಡಿಕೊಳ್ಳಿ. ರೋಟಮ್‌ಗೆ ಅರ್ತ್‌ಕ್ವೇಕ್ ತಾಗುವುದಿಲ್ಲ, ಫ್ಲೈಗಾನ್ ಹಾಗೆ ಅದೂ ತೇಲುತ್ತದೆ. ಆದರೆ ಅದು ಕರೆಂಟ್ ಹೊಡೆದು ಹಿಂದೆ ಹೋಗುವ ವೋಲ್ಟ್ ಸ್ವಿಚ್ ಒತ್ತಿದಾಗ ಎದುರಿಗೆ ಫ್ಲೈಗಾನ್ ಬಂದು ನಿಂತರೆ ಕರೆಂಟ್ ತಾಗುವುದಿಲ್ಲ, ರೋಟಮ್ ಹಿಂದೆ ಹೋಗುವುದೂ ಇಲ್ಲ. ಒಂದು ಸರದಿ ಪುಕ್ಕಟೆ ನಿಮ್ಮದು. ಅದರ ಹತ್ತಿರ ವಿಲ್-ಓ-ವಿಸ್ಪ್ ಇದ್ದರೆ ಹುಷಾರು, ಸುಟ್ಟರೆ ನಿಮ್ಮ ಏಟಿನ ಬಲ ಅರ್ಧಕ್ಕೆ ಇಳಿಯುತ್ತದೆ.

ಝಾಪ್ಡೋಸ್ ಮತ್ತು ಲ್ಯಾಂಡೋರಸ್ ಇಟ್ಟವನ ಎದುರು ಅಷ್ಟಕ್ಕಷ್ಟೇ. ಝಾಪ್ಡೋಸ್‌ನ ಕರೆಂಟ್ ತಡೆಯಬಹುದು, ಹರಿಕೇನ್ ತಡೆಯಲಾಗದು. ಇಲ್ಲಿ ಒಂದು ಗುಂಡಿ ಇದೆ, ನಾನೇ ಬಿದ್ದಿದ್ದೇನೆ. ಗ್ರೌಂಡ್ ಟೈಪ್‌ಗೆ ಥಂಡರ್ ವೇವ್ ತಾಗುವುದಿಲ್ಲವಲ್ಲ, ಸ್ಪೀಡ್ ಇಳಿಸುವ ಪ್ಯಾರಾಲಿಸಿಸ್ ಚಿಂತೆ ಇಲ್ಲ ಅಂದುಕೊಂಡಿದ್ದೆ. ಝಾಪ್ಡೋಸ್‌ಗೆ ಸ್ಟ್ಯಾಟಿಕ್ ಇತ್ತು, ಮೈ ಮುಟ್ಟಿ ಹೊಡೆದವರಿಗೆ ಪ್ಯಾರಾಲಿಸಿಸ್ ತರುವ ಗುಣ. ಯೂ-ಟರ್ನ್ ಮೈಗೆ ತಾಗುವ ಮೂವ್. ಸ್ಟ್ಯಾಟಿಕ್ ಗ್ರೌಂಡ್ ಟೈಪನ್ನೂ ಬಿಡುವುದಿಲ್ಲ, 30 ಶೇಕಡಾ ಸಲ ಹಿಡಿಯುತ್ತದೆ. ಸ್ಪೀಡೇ ಬಂಡವಾಳ ಆಗಿರುವ ಫ್ಲೈಗಾನ್ ಆಮೇಲೆ ಯಾತಕ್ಕೂ ಬರುವುದಿಲ್ಲ.

ರೂಮ್‌ಮೇಟ್‌ನ ಗಾರ್ಚಾಂಪ್ ಎದುರು ಅದರ ಅರ್ತ್‌ಕ್ವೇಕ್ ಹೊತ್ತಿಗೆ ಒಳಗೆ ಬನ್ನಿ, ಡ್ರ್ಯಾಗನ್ ಮೂವ್ ಬರುವ ಮೊದಲು ಹೊರಗೆ ಹೋಗಿ. ವೀವೈಲ್ ಇಟ್ಟವನ ಎದುರು ಏನಾಗುತ್ತದೆ ಅಂತ ಮೇಲೆಯೇ ಹೇಳಿದೆ.

ಸೆಟ್ ಬಗ್ಗೆ, ಅಂದರೆ ಯಾವ ಮೂವ್, ಯಾವ ಐಟಮ್ ಅಂತ. ಅಟ್ಯಾಕ್, ಸ್ಪೀಡ್ ಎರಡೂ ಏರಿಸುವ ಡ್ರ್ಯಾಗನ್ ಡ್ಯಾನ್ಸ್ ಹಾಕುವ ಆಸೆ ಆಗುತ್ತದೆ, ಸನ್-ಮೂನ್‌ನಲ್ಲಿ ಅದು ಸಿಕ್ಕಾಗ ನಾನೂ ಕುಣಿದಿದ್ದೆ. ಆದರೆ ಕುಣಿಯಲು ಒಂದು ಸರದಿ ಬೇಕು, ಇಷ್ಟು ತೆಳು ಮೈಗೆ ಆ ಸರದಿ ಸಿಗುವುದು ಕಷ್ಟ. ಸ್ಪೀಡ್ ಏರಿಸುವ ಐಟಮ್ ಚಾಯ್ಸ್ ಸ್ಕಾರ್ಫ್ ಕಟ್ಟಿ. ಸ್ಪೀಡ್ 328 ಇದ್ದದ್ದು 492 ಆಗುತ್ತದೆ. ವೀವೈಲ್‌ನ 383 ಕೂಡ ಹಿಂದೆ ಬೀಳುತ್ತದೆ, ಯೂ-ಟರ್ನ್ ಅದಕ್ಕೆ ಎರಡು ಪಟ್ಟು. ಐಸ್ ಶಾರ್ಡ್‌ಗೆ ಮಾತ್ರ ಮದ್ದಿಲ್ಲ. ಅರ್ತ್‌ಕ್ವೇಕ್, ಯೂ-ಟರ್ನ್, ಸ್ಟೋನ್ ಎಡ್ಜ್ ಮೂರು ಇರಲಿ, ನಾಲ್ಕನೆಯದು ನಿಮ್ಮಿಷ್ಟದ ಡ್ರ್ಯಾಗನ್ ಮೂವ್.

ಆಮೇಲೆ ಒಂದು ನೋಟ್‌ಬುಕ್ ಇಡಿ. ಒಂದೇ ಟೀಮ್, ಎಂಟನೇ ಜಾಗ ಮಾತ್ರ ಬದಲು. ಹದಿನೈದು ಆಟ ಫ್ಲೈಗಾನ್ ಜೊತೆ, ಹದಿನೈದು ಆಟ ನಿಮಗೆ ಸಿಗಬಹುದಾದ ಇನ್ನೊಂದರ ಜೊತೆ. ಗೆದ್ದದ್ದು ಸೋತದ್ದು ಬರೆಯಬೇಡಿ, ಮೂವತ್ತು ಆಟದಲ್ಲಿ ಅದರಿಂದ ಏನೂ ತಿಳಿಯುವುದಿಲ್ಲ. ಅದು ಒಳಗೆ ಬಂದಾಗಲೆಲ್ಲ ಏನು ಮಾಡಿತು ಅಂತ ಬರೆಯಿರಿ. ಯಾವುದನ್ನು ಕೊಂದಿತು, ಯಾವುದನ್ನು ಓಡಿಸಿತು, ಎಷ್ಟು ಆಟದಲ್ಲಿ ಬೆಂಚಿನಲ್ಲೇ ಕೂತಿತ್ತು. ನನ್ನ ಪುಸ್ತಕದಲ್ಲಿ "ಕರೆಂಟ್ ಸೋಲು" ಅಂತ ಬೇರೆ ಕಾಲಮ್ಮೇ ಇದೆ. ಜುಲೈನಲ್ಲಿ ಶಿರಸಿ ಕಡೆ ಅಜ್ಜನ ಮನೆಯಲ್ಲಿ ಕೂತು ಆಡಿದವರಿಗೆ ಅರ್ಥ ಆಗುತ್ತದೆ. ಗುಡ್ಡ ಹತ್ತಿ ನೆಟ್‌ವರ್ಕ್ ಹಿಡಿಯುವಷ್ಟರಲ್ಲಿ ಟೈಮರ್ ಮುಗಿದಿರುತ್ತದೆ. ಆ ಸೋಲನ್ನು ಫ್ಲೈಗಾನ್ ತಲೆಗೆ ಕಟ್ಟಬೇಡಿ.

ನನ್ನ ಪ್ರಕಾರ ತಗೊಳ್ಳಿ. ಎಂಟರಲ್ಲಿ ಒಂದಾಗಿ, ಟೀಮಿನ ರಾಜ ಅಂತ ಅಲ್ಲ. ವೀವೈಲ್ ಇಟ್ಟವನ ಜೊತೆ ಆಟ ಇರುವ ದಿನ ಅದನ್ನು ಉಳಿದ ಎರಡರಲ್ಲಿ ಕೂರಿಸಿ. ಹೀಟ್ರಾನ್ ಇಟ್ಟವನ ದಿನ ಮೊದಲು ಅದರ ಹೆಸರನ್ನೇ ಬರೆಯಿರಿ.