ದೊಡ್ಡ ಮಾತಾಡಿದರೆ ತಾತ್ವಿಕ ಸಿನಿಮಾ ಆಗಿಬಿಡುತ್ತದೆಯೇ?

ಪ್ರಶ್ನೆ: ಕೆಲವು ಸಿನಿಮಾಗಳನ್ನು ‘ತಾತ್ವಿಕ’ ಎಂದು ಹೊಗಳುತ್ತಾರೆ. ನೋಡಿದರೆ ಪಾತ್ರಗಳು ಸಾವು, ದೇವರು ಅಂತ ಉದ್ದುದ್ದ ಮಾತಾಡುತ್ತಿರುತ್ತವೆ. ನನಗೆ ಆಕಳಿಕೆ ಬರುತ್ತದೆ. ಅದನ್ನು ಪುಸ್ತಕದಲ್ಲೇ ಓದಬಹುದಲ್ಲ? ಸಿನಿಮಾಕ್ಕೂ ತತ್ವಶಾಸ್ತ್ರಕ್ಕೂ ನಿಜಕ್ಕೂ ಏನು ಸಂಬಂಧ?

ಉತ್ತರ: ಆಕಳಿಕೆ ನಿಮ್ಮ ತಪ್ಪಲ್ಲ. ಪಾತ್ರದ ಬಾಯಿಗೆ ತುರುಕಿದ ತತ್ವಕ್ಕೆ ಕ್ಯಾಮೆರಾ ಬೇಕಾಗಿಲ್ಲ, ಒಳ್ಳೆಯ ಸಂಭಾಷಣೆಕಾರ ಸಾಕು. ಕ್ಯಾಮೆರಾ ಇಲ್ಲದೆ ಹುಟ್ಟಲಾರದ ಪ್ರಶ್ನೆ ಎಲ್ಲಿದೆ ಎಂದು ಹುಡುಕಿ.

ಜಪಾನಿನ ನಿರ್ದೇಶಕ ಕುರೊಸಾವಾ ಅವರ ‘ರಾಶೊಮನ್’ (1950) ತೆಗೆದುಕೊಳ್ಳಿ. ಕಾಡಿನಲ್ಲೊಂದು ಸಾವು. ದರೋಡೆಕೋರ, ಸತ್ತವನ ಹೆಂಡತಿ, ಆವೇಶ ಬಂದ ಹೆಂಗಸೊಬ್ಬಳ ಬಾಯಿಂದ ಖುದ್ದು ಸತ್ತವನು, ಕೊನೆಗೆ ಸೌದೆ ಕಡಿಯುವವನು, ಹೀಗೆ ನಾಲ್ವರದು ನಾಲ್ಕು ಕಥೆ. ‘ಒಬ್ಬೊಬ್ಬರಿಗೆ ಒಂದೊಂದು ಸತ್ಯ’ ಎಂದು ಸಾರ ಹಿಂಡಿ ಎದ್ದುಹೋಗುವವರೇ ಹೆಚ್ಚು. ನನಗದು ಅರೆಬೆಂದ ಮಾತು. ವಿಚಾರಣೆಯ ದೃಶ್ಯ ನೋಡಿ. ಸಾಕ್ಷಿಗಳು ನೆಲದ ಮೇಲೆ ಕೂತು ನಮ್ಮತ್ತ ಮುಖ ಮಾಡಿ ಮಾತಾಡುತ್ತಾರೆ. ನ್ಯಾಯಾಧಿಕಾರಿ ಕಾಣುವುದೇ ಇಲ್ಲ, ಅವನ ದನಿಯೂ ಕೇಳುವುದಿಲ್ಲ. ಅವನ ಜಾಗದಲ್ಲಿ ಕೂತಿರುವವರು ನಾವು.

ಇನ್ನೂ ಸೂಕ್ಷ್ಮ ಸಂಗತಿಯೊಂದಿದೆ. ಮಾತಿನಲ್ಲಾದರೆ ‘ಹೀಗಾಯಿತಂತೆ’ ಎಂದು ಹೇಳಿ ಜಾರಿಕೊಳ್ಳಬಹುದು. ತೆರೆಯ ಮೇಲಿನ ಚಿತ್ರಕ್ಕೆ ಆ ‘ಅಂತೆ’ ಗೊತ್ತಿಲ್ಲ. ಸುಳ್ಳನ್ನೂ ಅದೇ ಬಿಸಿಲಿನಲ್ಲಿ, ಅದೇ ಎಲೆಗಳ ನೆರಳಿನಲ್ಲಿ ತೋರಿಸಿಬಿಡುತ್ತದೆ. ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಅನ್ನುತ್ತದೆ ಗಾದೆ. ಇಲ್ಲಿ ಪ್ರಮಾಣಿಸಲು ಕೈಯಲ್ಲಿರುವುದೂ ಆ ಪ್ರತ್ಯಕ್ಷವೊಂದೇ! ಈ ಇಕ್ಕಟ್ಟನ್ನು ಪುಸ್ತಕ ವಿವರಿಸೀತು, ಅದರೊಳಗೆ ನಿಮ್ಮನ್ನು ಸಿಕ್ಕಿಸುವುದು ಕಷ್ಟ.

ಸಿನಿಮಾ ತತ್ವಜ್ಞಾನಿಗಳನ್ನೂ ಕೆಣಕಿದೆ. ನಮ್ಮ ಬುದ್ಧಿ ಸಿನಿಮಾ ಯಂತ್ರದ ಹಾಗೆ, ಹರಿಯುವುದನ್ನೆಲ್ಲ ನಿಶ್ಚಲ ತುಂಡುಗಳಾಗಿಸಿ ಪೋಣಿಸುತ್ತದೆ ಎಂದು ಫ್ರಾನ್ಸಿನ ಬರ್ಗ್‌ಸನ್ 1907ರಲ್ಲೇ ದೂರಿದ್ದರು. 1983ರಲ್ಲಿ ಫ್ರಾನ್ಸಿನ ಇನ್ನೊಬ್ಬ ತತ್ವಜ್ಞಾನಿ ಡೆಲ್ಯೂಜ್ ಅದೇ ಬರ್ಗ್‌ಸನ್‌ರ ವಿಚಾರ ಹಿಡಿದು ಆ ದೂರನ್ನು ತಿರುಗಿಸಿದರು: ರೀಲಿನಲ್ಲಿ ಸೆಕೆಂಡಿಗೆ 24 ಬಿಡಿಚಿತ್ರಗಳಿದ್ದರೇನು, ನೋಡುವವರಿಗೆ ದಕ್ಕುವುದು ನೇರವಾಗಿ ಚಲನೆಯೇ.

ಸಿನಿಮಾ ಹೇಳುವುದು ಒಂದು ಕಥೆ, ಅದರಿಂದ ಎಲ್ಲರಿಗೂ ಅನ್ವಯಿಸುವ ವಾದ ಕಟ್ಟಲಾಗದು ಎಂಬ ಆಕ್ಷೇಪವೂ ಇದೆ. ಬಹುಮಟ್ಟಿಗೆ ಒಪ್ಪುತ್ತೇನೆ, ಪುಸ್ತಕ ಬಿಡಬೇಡಿ. ಆದರೆ ‘ರಾಶೊಮನ್’ ನೋಡಿ ಮುಗಿಸಿದಾಗ, ಸೌದೆಯವನ ಕಥೆಯೇ ನಿಜವಿರಬೇಕು ಅನ್ನಿಸಿದರೆ, ಯಾಕೆ ಹಾಗನ್ನಿಸಿತು ಎಂದು ಕೇಳಿಕೊಳ್ಳಿ. ಸಾವಿನ ಜಾಗದಿಂದ ಕಠಾರಿ ಕದ್ದ ವಿಷಯವನ್ನು ಅವನೂ ಮುಚ್ಚಿಟ್ಟಿದ್ದನಲ್ಲ.