ಬಾಂಬ್ ಅಲ್ಲ ಸ್ವಾಮಿ, ಐದು ಮೈಲಿ

ಪ್ರಶ್ನೆ: ಅಣುವಿಜ್ಞಾನಿ ಹೋಮಿ ಭಾಭಾ ಇದ್ದ ವಿಮಾನವನ್ನು ಸಿಐಎ ಉರುಳಿಸಿತಂತೆ, ನಿಜವಾ? ಇಲ್ಲದಿದ್ದರೆ ಅಷ್ಟು ದೊಡ್ಡ ಬೆಟ್ಟ ಪೈಲಟ್‌ಗೆ ಕಾಣಲಿಲ್ವಾ?

ಉತ್ತರ: ಇದು ಎಷ್ಟನೇ ಸಲವೋ, ಲೆಕ್ಕ ಬಿಟ್ಟಿದ್ದೇನೆ. ಪ್ರಧಾನಿ ಶಾಸ್ತ್ರಿಯವರು ತೀರಿಕೊಂಡು ಎರಡೇ ವಾರ ಆಗಿತ್ತು, ಅದಕ್ಕೇ ಕಥೆ ಹುಟ್ಟಿತು. ನಡೆದದ್ದು ಕೇಳಿ.

1966ರ ಜನವರಿ 24. ಏರ್ ಇಂಡಿಯಾ 101, ಬೋಯಿಂಗ್ 707, ಮುಂಬೈಯಿಂದ ಹೊರಟು ದೆಹಲಿ, ಬೈರೂತ್ ಮುಗಿಸಿ ಜಿನೀವಾ ಕಡೆ ಇಳಿಯುತ್ತಿತ್ತು. ನೆಲದ ರೇಡಿಯೊ ಕೇಂದ್ರಗಳ ದಿಕ್ಕು ಹಿಡಿಯುವ ವಿಒಆರ್ ರಿಸೀವರ್ ವಿಮಾನದಲ್ಲಿ ಎರಡು ಇರುತ್ತವೆ. ಎರಡು ಕೇಂದ್ರಗಳ ಗೆರೆ ಎಲ್ಲಿ ಕೂಡುತ್ತದೋ ನೀವು ಅಲ್ಲಿದ್ದೀರಿ. ಅವತ್ತು ಒಂದು ರಿಸೀವರ್ ಬೈರೂತ್‌ನಲ್ಲೇ ಕೆಟ್ಟಿತ್ತು. ಪೈಲಟ್ ತಾವು ಆಲ್ಪ್ಸ್‌ನ ಮಾಂಟ್ ಬ್ಲಾಂಕ್ ಶಿಖರದ ಪಕ್ಕಕ್ಕೆ ಬಂದಾಯ್ತು ಅಂದುಕೊಂಡರು. ನೆಲದಲ್ಲಿ ರೇಡಾರ್ ನೋಡುತ್ತಿದ್ದ ಕಂಟ್ರೋಲರ್, ಮಾಂಟ್ ಬ್ಲಾಂಕ್‌ಗೆ ಇನ್ನೂ ಐದು ಮೈಲಿ ಇದೆ ಅಂದರು. ಪೈಲಟ್ 'ರೋಜರ್', ಅಂದರೆ 'ಕೇಳಿಸಿತು', ಅಂದು ಇಳಿಸುತ್ತಲೇ ಹೋದರು.

ಅಷ್ಟೇ. ಒಬ್ಬರು 'ಇನ್ನೂ ಇದೆ' ಅಂದರು, ಇನ್ನೊಬ್ಬರ ತಲೆಯಲ್ಲಿ ಅದು 'ದಾಟಿ ಆಯ್ತು' ಅಂತ ಕೂತಿತು. ಫ್ರೆಂಚ್ ತನಿಖೆ ಹೇಳಿದ್ದೂ ಇದನ್ನೇ. ಶಿಖರ ಸುಮಾರು 4,808 ಮೀಟರ್, ವಿಮಾನ ಗುದ್ದಿದ್ದು 4,750ರ ಆಸುಪಾಸಿನಲ್ಲಿ, 117 ಜನರಲ್ಲಿ ಒಬ್ಬರೂ ಉಳಿಯಲಿಲ್ಲ. ಮೋಡ ವಿಮಾನ ಬೀಳಿಸಲಿಲ್ಲ, ತಪ್ಪನ್ನು ಮುಚ್ಚಿಟ್ಟಿತು. ಬಿಸಿಲಿದ್ದಿದ್ದರೆ ಕಿಟಕಿಯಿಂದ ನೋಡಿ ವಿಮಾನವನ್ನು ಮೇಲಕ್ಕೆ ಎಳೆದುಕೊಳ್ಳುತ್ತಿದ್ದರು. ಎತ್ತರ ತೋರಿಸುವ ಮುಳ್ಳು ಹೇಳುವುದು ಸಮುದ್ರದಿಂದ ಎಷ್ಟು ಮೇಲಿದ್ದೀರಿ ಅಂತ, ಎದುರಿಗೆ ಬಂಡೆ ಇದೆ ಅಂತ ಅಲ್ಲ. ಇದಕ್ಕೇ ನನ್ನ ಕ್ಲಾಸಿನಲ್ಲಿ ಯಾರಾದರೂ ಬರೀ 'ರೋಜರ್' ಅಂದರೆ ನನಗೆ ಮೈ ಉರಿಯುತ್ತದೆ. ಕೇಳಿಸಿದ್ದೇನು ಅಂತ ಪೂರ್ತಿ ತಿರುಗಿ ಹೇಳಿಸದೆ ಬಿಡುವುದಿಲ್ಲ. ಹುಡುಗರು ಬೈದುಕೊಳ್ಳುತ್ತಾರೆ, ಬೈದುಕೊಳ್ಳಲಿ.

ಅಂದಹಾಗೆ 1950ರ ನವೆಂಬರ್‌ನಲ್ಲಿ ಏರ್ ಇಂಡಿಯಾದ್ದೇ 'ಮಲಬಾರ್ ಪ್ರಿನ್ಸೆಸ್' ಅದೇ ಬೆಟ್ಟಕ್ಕೆ ಗುದ್ದಿ 48 ಜನ ಹೋದರು. ಅದನ್ನು ಯಾರ ತಲೆಗೆ ಕಟ್ಟುತ್ತೀರಿ?

ಪ್ರಶ್ನೆ: ಈಗ ಜಿಪಿಎಸ್ ಇದೆ, ಬೆಟ್ಟ ಬಂದರೆ ಕೂಗುವ ಯಂತ್ರ ಇದೆ. ಇನ್ನು ಭಯ ಇಲ್ಲ ಅಲ್ವಾ?

ಉತ್ತರ: ಅಪಾಯ ಬಹಳ ಕಡಿಮೆಯಾಗಿದೆ, ಒಪ್ಪುತ್ತೇನೆ. ಆದರೆ 2012ರಲ್ಲಿ ಇಂಡೋನೇಷ್ಯಾದ ಸಲಾಕ್ ಬೆಟ್ಟದಲ್ಲಿ ಹೊಸ ಸುಖೋಯ್ ಸೂಪರ್‌ಜೆಟ್‌ನ ಯಂತ್ರ ಸರಿಯಾಗೇ ಕೂಗಿತು. ಅದರಲ್ಲಿದ್ದ ನಕ್ಷೆಯೇ ತಪ್ಪಿರಬೇಕು ಅಂತ ಪೈಲಟ್ ಅದನ್ನು ಆಫ್ ಮಾಡಿದರು. 45 ಜನ ಸತ್ತರು.

ಪ್ರಶ್ನೆ: 101 ಕೂಡಿದರೆ 2. ಫ್ಲೈಟ್ ನಂಬರ್ ನೋಡಿ ಟಿಕೆಟ್ ಬುಕ್ ಮಾಡಬೇಕಾ? ನಮ್ಮ ಸಂಖ್ಯಾಶಾಸ್ತ್ರದವರು ಹಾಗೇ ಹೇಳಿದರು.

ಉತ್ತರ: ಅವರಿಗೆ ಕೊಟ್ಟ ಫೀಸು ವಾಪಸ್ ಕೇಳಿ.

ಪ್ರಶ್ನೆ: ಯಾವ ಸೀಟು ಸೇಫ್?

ಉತ್ತರ: ಬೆಟ್ಟಕ್ಕೆ ನೇರ ಗುದ್ದಿದರೆ ಯಾವುದೂ ಇಲ್ಲ.

ಪ್ರಶ್ನೆ: ಮಂಜು ಅಂತ ನಮ್ಮ ವಿಮಾನವನ್ನು ಇಳಿಸದೆ ಬೇರೆ ಊರಿಗೆ ಒಯ್ದರು. ಪೈಲಟ್‌ಗೆ ಧೈರ್ಯ ಇರಲಿಲ್ಲ ಅನಿಸುತ್ತೆ. ಯಾರಿಗೆ ದೂರು ಕೊಡಲಿ?

ಉತ್ತರ: ಆ ಪೈಲಟ್ ಜೊತೆ ನಾನು ಕಣ್ಣು ಮುಚ್ಚಿಕೊಂಡು ಹೋಗುತ್ತೇನೆ. ದೂರನ್ನು ನನಗಂತೂ ಕಳಿಸಬೇಡಿ.