ಜೀನ್ ತೆಗೆದರೂ ವೈರಸ್ ಬೆಳೆಯುತ್ತದೆ ಅಂದರೆ ಅದು ಬೇಡದ ಜೀನಾ?

ತುಟಿಯ ಮೇಲೆ ಗುಳ್ಳೆ ಎಬ್ಬಿಸುವ ಹರ್ಪಿಸ್ ಸಿಂಪ್ಲೆಕ್ಸ್ ವೈರಸ್‌ನಿಂದ ಥೈಮಿಡಿನ್ ಕೈನೇಸ್ ಜೀನ್ (ಡಿಎನ್ಎ ಕಟ್ಟುವ ಸಾಮಾನು ತಯಾರಿಸಲು ನೆರವಾಗುವ ಕಿಣ್ವದ ಜೀನ್) ತೆಗೆದರೂ ಅದು ಲ್ಯಾಬಿನಲ್ಲಿ ಚೆನ್ನಾಗಿಯೇ ಬೆಳೆಯುತ್ತದೆ, ಹಾಗಾದರೆ ಆ ಜೀನ್ ಯಾಕಿದೆ ಅಂತ ಕೇಳಿದ್ದೀರಿ. ಉತ್ತರ ಸಿಗುವುದು ವೈರಸ್ ಬೆಳೆಯುವ ಕೋಶದಲ್ಲಿ.

ಲ್ಯಾಬಿನ ತಟ್ಟೆಯಲ್ಲಿರುವ ಕೋಶಗಳು ಸದಾ ವಿಭಜನೆ ಆಗುತ್ತಿರುತ್ತವೆ. ಡಿಎನ್ಎ ಕಟ್ಟಲು ಬೇಕಾದ ಸಾಮಾನು ಅವುಗಳಲ್ಲೇ ಧಾರಾಳವಾಗಿರುತ್ತದೆ. ಹಾಗಾಗಿ ವೈರಸ್‌ಗೆ ತನ್ನದೇ ಕೈನೇಸ್ ಇಲ್ಲದಿದ್ದರೂ ನಡೆಯುತ್ತದೆ. ಆದರೆ ನರಕೋಶ ವಿಭಜನೆ ಆಗುವುದಿಲ್ಲ, ಅಲ್ವಾ? ಅಲ್ಲಿ ಆ ಸಾಮಾನಿಗೆ ಬರ. ಇಲಿಗಳಲ್ಲಿ ಈ ಜೀನ್ ಇಲ್ಲದ ವೈರಸ್ ನರಗಂಟಿಗೆ, ಅಂದರೆ ನರಕೋಶಗಳ ಗುಂಪಿಗೆ, ಹೋಗಿ ಅಡಗಿ ಕೂರುತ್ತದೆ, ಮತ್ತೆ ಎದ್ದು ಬರಲು ಮಾತ್ರ ತುಂಬಾ ಒದ್ದಾಡುತ್ತದೆ. ಹರ್ಪಿಸ್‌ಗೆ ಕೊಡುವ ಅಸೈಕ್ಲೊವಿರ್ ಔಷಧಿ ಕೆಲಸ ಶುರು ಮಾಡುವುದೂ ಇದೇ ಕೈನೇಸ್‌ನಿಂದ. ಆ ಔಷಧಿಗೆ ಬಗ್ಗದ ವೈರಸ್‌ಗಳಲ್ಲಿ ಹೆಚ್ಚಿನವು ಈ ಜೀನನ್ನೇ ಕೆಡಿಸಿಕೊಂಡಿರುತ್ತವೆ.

ಇದೇ ವೈರಸ್‌ನ ಡಿಎನ್ಎ ನಕಲು ಮಾಡುವ ಕಿಣ್ವ ಪಾಲಿಮರೇಸ್, ಅಂದರೆ ಯುಎಲ್30 ಜೀನ್, ಅದರ ಕಥೆ ಬೇರೆ. ಅದಿಲ್ಲದೆ ಕೆಲಸವೇ ಸಾಗದು. ಆ ಜೀನ್ ಇಲ್ಲದ ಮ್ಯುಟೆಂಟ್ ವೈರಸ್ ಬೆಳೆಸಬೇಕೆಂದರೆ ಆ ಪ್ರೋಟೀನನ್ನು ತಾನೇ ಮಾಡಿಕೊಡುವ ಕೋಶ ಬೇಕು.

ಐಸಿಪಿ0, ಅಂದರೆ ವೈರಸ್‌ನ ಬೇರೆ ಜೀನ್‌ಗಳು ಕೆಲಸ ಶುರು ಮಾಡಲು ನೆರವಾಗುವ ಪ್ರೋಟೀನ್, ಇವೆರಡರ ನಡುವೆ ಬರುತ್ತದೆ. ಪ್ರತಿ ಕೋಶಕ್ಕೂ ಜಾಸ್ತಿ ವೈರಸ್ ಹಾಕಿದರೆ ಅದರ ಕೊರತೆ ಅಷ್ಟಾಗಿ ಕಾಣುವುದಿಲ್ಲ. ಕಡಿಮೆ ಹಾಕಿದರೆ ಬೆಳವಣಿಗೆ ಪಾತಾಳಕ್ಕೆ ಇಳಿಯುತ್ತದೆ. ಹಾಗಾಗಿ ಪೇಪರ್ ಓದುವಾಗ ಯಾವ ಕೋಶ, ಎಷ್ಟು ವೈರಸ್ ಅಂತ ಮೊದಲು ನೋಡಿ. ಜೀನ್ ವಾಪಸ್ ಹಾಕಿದಾಗ ವೈರಸ್ ಮೊದಲಿನಂತಾಯಿತೇ ಅಂತಲೂ ನೋಡಿ, ಬದಲಾವಣೆ ಆ ಜೀನ್‌ನಿಂದಲೇ ಆಯಿತು ಅಂತ ಗೊತ್ತಾಗುವುದು ಆಗಲೇ. ಅದನ್ನು ತೋರಿಸದ ಪೇಪರನ್ನು ನಾನು ಸುಲಭಕ್ಕೆ ನಂಬುವುದಿಲ್ಲ.